ರೈಟರು ಓದದೆ ಬಿಟ್ಟ ಸಾಲು

ಕೊಡ್ಲಿಪೇಟೆಯಿಂದ ಬಂದ ಕಾರ್ಡಿನಲ್ಲಿ ಅವರ ಫೋಟೋ ಇತ್ತು, ತಲೆಯ ಮೇಲೆ ಟೋಪಿ ಇರಲಿಲ್ಲ. ಅದಕ್ಕೇ ಒಂದು ಕ್ಷಣ ಗುರುತು ಸಿಗಲಿಲ್ಲ. ನಾನು ಕಂಡಷ್ಟು ದಿನವೂ ಅವರು ಖಾಕಿ ಬಟ್ಟೆಯ ಟೋಪಿಯಿಲ್ಲದೆ ಮನೆಯಿಂದ ಹೊರಗೆ ಕಾಲಿಟ್ಟವರಲ್ಲ. ಫೋಟೋದ ಕೆಳಗೆ, ಲಿಂಗೈಕ್ಯರಾದರು ಎಂಬುದರ ಪಕ್ಕದಲ್ಲಿ, ‘ಸತ್ಯವಂತರು, ಕೊಟ್ಟ ಮಾತಿಗೆ ತಪ್ಪದವರು’ ಎಂದು ಅಚ್ಚು ಹಾಕಿಸಿದ್ದರು. ಹನ್ನೊಂದನೆಯ ದಿನದ ಶಿವಗಣಾರಾಧನೆಗೆ ತಪ್ಪದೆ ಬರಬೇಕೆಂದು ಅವರ ಮಗಳು ಪೆನ್ನಿನಲ್ಲಿ ಬರೆದಿದ್ದಳು. ನನಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಮೂವತ್ತು ವರ್ಷ ಮಕ್ಕಳ ಕಾಪಿಪುಸ್ತಕ ತಿದ್ದಿದವಳು ನಾನು. ಕೆಂಪು ಪೆನ್ಸಿಲ್ ತೆಗೆದುಕೊಂಡು ಆ ಸಾಲಿನ ಕೆಳಗೆ ಗೆರೆ ಎಳೆದುಬಿಟ್ಟೆ. ಆಮೇಲೆ, ಸತ್ತವರ ಕಾರ್ಡಿನ ಮೇಲೆ ಗೀಚಿದೆನಲ್ಲ ಎಂದು ನಾಚಿಕೆಯಾಗಿ ಅದನ್ನು ಪಂಚಾಂಗದೊಳಗೆ ಇಟ್ಟೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಪಾಲಿಬೆಟ್ಟದ ಕಡೆಯ ಆ ಕಾಫಿ ತೋಟದಲ್ಲಿ ಅವರನ್ನು ಹೆಸರು ಹಿಡಿದು ಕರೆದವರೂ ಇಲ್ಲ. ಎಲ್ಲರಿಗೂ ಅವರು ರೈಟರು. ಹಾಜರಿ ಬರೆಯುವುದು, ಹಣ್ಣು ಕುಯ್ದ ಬುಟ್ಟಿ ತೂಗಿಸುವುದು, ದೊರೆಯ ಮಾತನ್ನು ಆಳುಗಳಿಗೆ, ಆಳುಗಳ ಮಾತನ್ನು ದೊರೆಗೆ ಮುಟ್ಟಿಸುವುದು ಅವರ ಕೆಲಸ. ನಾನೊಬ್ಬಳು ಮಾತ್ರ ರೈಟ್ರಣ್ಣ ಎನ್ನುತ್ತಿದ್ದೆ. ಅವರು ನಮ್ಮ ಕೊಡ್ಲಿಪೇಟೆಯವರು, ನಮ್ಮ ಬೀದಿಯವರು, ನಮ್ಮ ಹಾಗೆಯೇ ಲಿಂಗ ಕಟ್ಟಿದವರು. ಕೊಡಗು ಆಗಿನ್ನೂ ಮೈಸೂರಿಗೆ ಸೇರಿರಲಿಲ್ಲ, ತನ್ನದೇ ಪುಟ್ಟ ರಾಜ್ಯವಾಗಿತ್ತು. ದೇಶಕ್ಕೆ ಸ್ವಾತಂತ್ರ್ಯ ಬಂದಿದ್ದರೂ ನಮ್ಮ ತೋಟದ ಬಂಗಲೆಯಲ್ಲಿ ಬಿಳಿ ದೊರೆಯೇ ಇದ್ದ.

ಮನುಷ್ಯ ಕುಳ್ಳು, ನಡಿಗೆ ಚುರುಕು. ಕಿವಿಯ ಹಿಂದೆ ಮೊಂಡು ಪೆನ್ಸಿಲ್, ಮೊಣಕಾಲವರೆಗೆ ದಪ್ಪ ಕಾಲುಚೀಲ, ಅದರೊಳಗೆ ಜಿಗಣೆ ಹತ್ತದಿರಲೆಂದು ಹೊಗೆಸೊಪ್ಪಿನ ಪುಡಿ. ಅವರು ಆಫೀಸಿಗೆ ಬಂದರೆಂದು ಮೂಗಿಗೇ ಗೊತ್ತಾಗುತ್ತಿತ್ತು. ಬೆಳಗ್ಗೆ ಪೂಜೆ ಮುಗಿಸಿ ಹಣೆಗೆ ಢಾಳಾಗಿ ವಿಭೂತಿ ಹಚ್ಚುತ್ತಿದ್ದರು. ದೊರೆಗೆ ಅದು ಸೇರುತ್ತಿರಲಿಲ್ಲ, ಬೂದಿ ಬಳಿದುಕೊಂಡು ನನ್ನೆದುರು ಬರಬೇಡ ಎಂದಿದ್ದನಂತೆ. ಬೇರೆಯವರಾಗಿದ್ದರೆ ಒರೆಸಿಕೊಳ್ಳುತ್ತಿದ್ದರು, ಇಲ್ಲವೇ ಜಗಳಕ್ಕೆ ನಿಲ್ಲುತ್ತಿದ್ದರು. ಇವರು ಎರಡೂ ಮಾಡಲಿಲ್ಲ. ಬಂಗಲೆಯ ಗೇಟು ಬಂದಾಗ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಳ್ಳುತ್ತಿದ್ದರು. ವಾಪಸು ಬರುವಾಗ ಹಿಂದಕ್ಕೆ ತಳ್ಳುತ್ತಿದ್ದರು. ದೊರೆಗೂ ಕೋಪವಿಲ್ಲ, ಶಿವನಿಗೂ ಕೋಪವಿಲ್ಲ. ನಾವು ಅದನ್ನು ನೋಡಿ ನೋಡಿ ನಗುತ್ತಿದ್ದೆವು.

ಅವರ ಇನ್ನೊಂದು ಜಾಣತನವನ್ನು ಕಾಣಬೇಕಾದರೆ ಬೆಳಗಿನ ಹಾಜರಿಗೆ ಹೋಗಬೇಕಿತ್ತು. ಕಾಫಿ ಒಣಗಿಸುವ ಕಣದ ಮೆಟ್ಟಿಲ ಮೇಲೆ ನಿಂತು ದೊರೆ ಇಂಗ್ಲಿಷಿನಲ್ಲಿ ಕೂಗಾಡುತ್ತಿದ್ದ. ರೈಟರು ಕೈಕಟ್ಟಿ ಕೇಳಿಸಿಕೊಂಡು, ಅದನ್ನು ಮೊದಲು ಕನ್ನಡದಲ್ಲಿ, ಆಮೇಲೆ ತಮಿಳಿನಲ್ಲಿ, ಕೊನೆಗೆ ಮಲಯಾಳದಲ್ಲಿ ಹೇಳುತ್ತಿದ್ದರು. ದೊರೆ ಕತ್ತೆ, ಕಳ್ಳ ಎಂದೆಲ್ಲ ಉಸಿರು ಕಟ್ಟುವವರೆಗೆ ಬೈದಿರುತ್ತಿದ್ದ. ರೈಟರ ಕನ್ನಡದಲ್ಲಿ ಅದು, “ನಿನ್ನೆ ಹಸಿರುಕಾಯಿ ಸೇರ್ಕೊಂಡೈತಂತೆ. ಇವತ್ತು ಕೆಂಪು ಹಣ್ಣು ಮಾತ್ರ ಕುಯ್ಯಿರಿ. ಚಳಿ ಐತೆ, ಮಕ್ಕಳಿಗೆ ಕಂಬಳಿ ಹೊದೆಸಿ ಬನ್ನಿ,” ಅಷ್ಟೇ ಆಗುತ್ತಿತ್ತು. ಕಂಬಳಿಯ ಮಾತು ದೊರೆಯ ಬಾಯಲ್ಲಿ ಹುಟ್ಟಿದ್ದಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಹಣ್ಣು ಕುಯ್ಯುವ ಹೆಂಗಸರು, “ಬಂಗಲೆ ದೊರೆ ಕೆಟ್ಟವನು, ರೈಟರ ಬಾಯಲ್ಲಿ ಬರೋ ದೊರೆ ಒಳ್ಳೆಯವನು,” ಎಂದು ನಗುತ್ತ ಬುಟ್ಟಿ ಎತ್ತಿಕೊಳ್ಳುತ್ತಿದ್ದರು.

ಒಮ್ಮೆ ನಾನೇ ಕೇಳಿದೆ. “ರೈಟ್ರಣ್ಣ, ಅವನು ಅಷ್ಟುದ್ದ ಅಂದ, ನೀವು ಇಷ್ಟೇ ಹೇಳಿದ್ರಲ್ಲ?”

“ಮಾತಿಗೊಂದು ಜರಡಿ ಬೇಕು ಕಣಮ್ಮ,” ಎಂದರು. “ಕಲ್ಲು ನಾನಿಟ್ಕೋತೀನಿ, ಕಾಳು ನಿಮಗೆ ಕೊಡ್ತೀನಿ.”

ನನಗಾಗ ಹತ್ತೊಂಬತ್ತು. ಅದಕ್ಕಿಂತ ದೊಡ್ಡ ಮಾತನ್ನು ಯಾರ ಬಾಯಲ್ಲೂ ಕೇಳಿರಲಿಲ್ಲ. ಮನೆಗೆ ಹೋಗಿ ಅಜ್ಜಿಗೆ ಹೇಳಿದೆ. ಅವಳು, “ದೊಡ್ಡ ಮನ್ಸ ಕಣವ್ವ ಅವ್ನು,” ಎಂದಳು.

ನನ್ನನ್ನು ಆ ತೋಟಕ್ಕೆ ಕರೆತಂದವರೇ ಅವರು. ನನಗೆ ಇದ್ದದ್ದು ಅಜ್ಜಿ ಒಬ್ಬಳು. ಎಂಟನೆಯ ಕ್ಲಾಸು ಪಾಸು ಮಾಡಿ ಮನೆಯಲ್ಲಿ ಕೂತಿದ್ದೆ. ರಜೆಗೆ ಊರಿಗೆ ಬಂದ ರೈಟರು ನಮ್ಮ ಜಗುಲಿಯಲ್ಲಿ ಕೂತು, ತೋಟದ ಆಳುಗಳು ಇರುವ ಲೈನುಮನೆಗಳಲ್ಲಿ ಮಕ್ಕಳು ಸುಮ್ಮನೆ ಅಲೆಯುತ್ತಿವೆ, ಅಕ್ಷರ ಕಲಿಸುವವರು ಬೇಕು, ಹುಡುಗಿಯನ್ನು ಕಳಿಸಿ ಎಂದರು. ಅಜ್ಜಿ ಹಿಂದೆ ಮುಂದೆ ನೋಡಿದಾಗ, “ನನ್ನ ಮಗಳಂಗೆ ನೋಡ್ಕೋತೀನಿ, ನೀವೂ ಬನ್ನಿ,” ಎಂದರು. ಹಾಗೆ ನಾವಿಬ್ಬರೂ ಹೋದೆವು. ಲೈನುಗಳ ತುದಿಯ ತಗಡಿನ ಶೆಡ್ಡೇ ಶಾಲೆ. ತಮಿಳು, ಮಲಯಾಳ, ತುಳು ಮಾತಾಡುವ ಮಕ್ಕಳು ಒಂದೇ ಚಾಪೆಯ ಮೇಲೆ ಕೂತು ಅ ಆ ಇ ಈ ಎಂದು ಕಿರುಚುತ್ತಿದ್ದರು. ಬೋರ್ಡಿನ ಮುಂದೆ ನಿಂತಾಗ ನನಗೆ ಈ ಲೋಕದಲ್ಲಿ ಒಂದು ಜಾಗ ಸಿಕ್ಕಿತು ಎನಿಸುತ್ತಿತ್ತು. ಆ ಶಾಲೆಯೊಂದು ಉಳಿದರೆ ಸಾಕು, ಬೇರೇನೂ ಬೇಡ ಎಂದು ದೇವರಿಗೆ ಕೈ ಮುಗಿಯುತ್ತಿದ್ದೆ.

ಎರಡನೆಯ ವರ್ಷ ಪಕ್ಕದ ತೋಟದಲ್ಲಿ ಸಿಡುಬು ಕಾಣಿಸಿತು. ನಮ್ಮಲ್ಲಿ ಎಲ್ಲರಿಗೂ ದಾಕು, ಅಂದರೆ ಸಿಡುಬಿನ ಲಸಿಕೆ, ಹಾಕಬೇಕೆಂದು ದೊರೆಯ ಹುಕುಂ ಆಯಿತು. ತೋಟದ ದವಾಖಾನೆಯ ಕಾಂಪೌಂಡರು ಕಣದಲ್ಲಿ ಮೇಜು ಹಾಕಿಕೊಂಡು ಕೂತ. ಸೂಜಿ ಕಾಯಿಸುವುದಕ್ಕೆ ಸ್ಪಿರಿಟ್ ದೀಪ ಇಟ್ಟುಕೊಂಡಿದ್ದ. ನಾನು ನನ್ನ ಮಕ್ಕಳನ್ನೆಲ್ಲ ಮುಂದೆ ಬಿಟ್ಟು ಕೊನೆಯಲ್ಲಿ ನಿಂತೆ. ನನ್ನ ಸರದಿ ಬರುವ ಹೊತ್ತಿಗೆ ದೀಪ ಆರಿತ್ತು. ಅವನು ಸೂಜಿಯನ್ನು ಹತ್ತಿಯಲ್ಲಿ ಒರೆಸಿದ. ಆ ಹತ್ತಿಯ ಕೊಳಕು ಬಣ್ಣ ಇವತ್ತಿಗೂ ನನಗೆ ನೆನಪಿದೆ. ಎಡತೋಳಿನಲ್ಲಿ ಚಿಕ್ಕಂದಿನ ದಾಕಿನ ಕಲೆ ಇದ್ದುದರಿಂದ ಬಲತೋಳಿಗೆ ಚುಚ್ಚಿದ.

ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ, ದಾಕನ್ನು ನಾನು ಬೈಯುವವಳಲ್ಲ. ಆ ವರ್ಷ ಅಟ್ಟದಲ್ಲಿ ಅಡಗಿ ತಪ್ಪಿಸಿಕೊಂಡ ಇಬ್ಬರು ಸಿಡುಬಿನಲ್ಲೇ ಹೋದರು. ಹಾಕಿಸಿಕೊಂಡ ನನ್ನ ಮಕ್ಕಳೆಲ್ಲ ಉಳಿದರು. ಮುಂದೆ ಟೀಚರಾದ ಮೇಲೂ ಪ್ರತಿ ಸಲ ಮಕ್ಕಳನ್ನು ನಾನೇ ಸಾಲಾಗಿ ಕರೆದೊಯ್ದಿದ್ದೇನೆ. ಆದರೆ ದೀಪ ಉರಿಯುತ್ತಿದೆಯೇ ಎಂದು ನೋಡದೆ ಒಬ್ಬರ ತೋಳನ್ನೂ ಮುಂದೆ ಚಾಚಗೊಟ್ಟವಳಲ್ಲ.

ದಾಕು ಹಾಕಿದಲ್ಲಿ ಗುಳ್ಳೆ ಎದ್ದಾಗ ಅಜ್ಜಿ ತನಗೆ ತಿಳಿದದ್ದನ್ನು ಮಾಡಿದಳು. ಅವಳ ಪಾಲಿಗೆ ಅದು ಗಾಯವಲ್ಲ, ಮನೆಗೆ ಬಂದ ದೇವಿ. ಒಗ್ಗರಣೆ ನಿಲ್ಲಿಸಿದಳು, ಬಾಗಿಲಿಗೆ ಬೇವು ಸಿಕ್ಕಿಸಿದಳು. “ಅಮ್ಮ ಬಂದವ್ಳೆ ಕೂಸೇ, ನೀರು ಸೋಕಿಸಬ್ಯಾಡ,” ಎಂದು ಬೆಳಗ್ಗೆ ಸಂಜೆ ಹುಣ್ಣಿನ ಮೇಲೆ ವಿಭೂತಿ ಹಚ್ಚಿದಳು. ಅದೇ ಕೈ ದಿನಾ ಬೆಳಗ್ಗೆ ನನ್ನ ಹಣೆಗೂ ಹಚ್ಚುತ್ತಿತ್ತು. ನಾಲ್ಕನೆಯ ದಿನ ಜ್ವರ ಏರಿತು, ತೋಳು ಭುಜದವರೆಗೆ ಬಾತು ಕೀವು ತುಂಬಿತು.

ತೋಟದ ಲಾರಿಯಲ್ಲಿ ನನ್ನನ್ನು ಮಡಿಕೇರಿಗೆ ಸಾಗಿಸಿದವರು ರೈಟರೇ. ದಾರಿಯುದ್ದಕ್ಕೂ ನನ್ನ ತಲೆ ಅವರ ತೊಡೆಯ ಮೇಲಿತ್ತು. ಪ್ರತಿ ಗುಂಡಿ ಬಂದಾಗ ಅವರೇ “ಅಯ್ಯಪ್ಪಾ” ಎನ್ನುತ್ತಿದ್ದರು. ಡಾಕ್ಟರು ಭುಜ ಕೊಯ್ದು ಕೀವು ತೆಗೆದರು, ಜೀವ ಉಳಿಯಿತು. ಕೈ ಮಾತ್ರ ಎದೆಯಿಂದ ಮೇಲಕ್ಕೆ ಏಳಲಿಲ್ಲ, ಬೆರಳುಗಳಲ್ಲಿ ಸೀಮೆಸುಣ್ಣ ನಿಲ್ಲಲಿಲ್ಲ.

ಗಾಯಕ್ಕೆ ಏನಾದರೂ ಹಚ್ಚಿದ್ದಿರಾ ಎಂದು ಡಾಕ್ಟರು ಕೇಳಿದ್ದರು. ಅಜ್ಜಿ ಎದುರಿಗೇ ನಿಂತಿದ್ದಳು. ಇಲ್ಲ ಎಂದೆ. ಆ ಸುಳ್ಳು ಒಳಗೊಳಗೇ ಕೊರೆಯುತ್ತಿತ್ತು. ತೋಟಕ್ಕೆ ಮರಳಿದ ಮೇಲೆ ಒಬ್ಬರಿಗೆ ಮಾತ್ರ ನಿಜ ಹೇಳಿದೆ. ಅವರು ಯಾರೆಂದು ಹೇಳಬೇಕಾಗಿಲ್ಲ. ರೈಟರು ಪೆನ್ಸಿಲನ್ನು ಕಿವಿಯಿಂದ ತೆಗೆದು, ನೋಡಿ, ಮತ್ತೆ ಅಲ್ಲೇ ಸಿಕ್ಕಿಸಿದರು. “ದೀಪ ಆರಿದ್ದೂ ಹೌದು, ಬೂದಿ ಹಚ್ಚಿದ್ದೂ ಹೌದು. ಯಾವುದ್ರಿಂದ ಆಯ್ತು ಅಂತ ಆ ಡಾಕ್ಟ್ರಿಗೇ ಗೊತ್ತಿಲ್ಲ, ನಿಂಗೇನು ಗೊತ್ತು? ಅಜ್ಜಿ ಕಿವಿಗೆ ಹಾಕ್ಬೇಡ, ಎದೆ ಒಡ್ಕೋತಾರೆ. ನನ್ನ ಹೊಟ್ಟೇಲಿ ಇರ್ತದೆ,” ಎಂದರು. ನಾನು ಹಗುರಾಗಿ ಮನೆಗೆ ಹೋದೆ.

ಆ ಬೇಸಿಗೆಯಲ್ಲಿ ಅವರು ನನಗೆ ಎಡಗೈಯಲ್ಲಿ ಬರೆಯಲು ಕಲಿಸಿದರು. ಸಂಜೆ ತೂಕ ಮುಗಿದ ಮೇಲೆ ಆಫೀಸಿನ ಬೆಂಚಿನ ಮೇಲೆ ಕೂರಿಸಿ, ಹಳೆಯ ಹಾಜರಿ ಪುಸ್ತಕದ ಖಾಲಿ ಬೆನ್ನಿನಲ್ಲಿ ಆಳುಗಳ ಹೆಸರು ಬರೆಸುತ್ತಿದ್ದರು. ನನ್ನ ಅಕ್ಷರ ಕುಂಟುವುದನ್ನು ಕಂಡು ನಾನು ಅತ್ತರೆ, ತಾವೂ ಎಡಗೈಯಲ್ಲಿ ಬರೆದು ತೋರಿಸುತ್ತಿದ್ದರು. ಅವರದು ನನ್ನದಕ್ಕಿಂತ ಕೆಟ್ಟದಾಗಿ, ಏಡಿಯ ಹಾಗೆ ಅಡ್ಡಡ್ಡ ಹೋಗುತ್ತಿತ್ತು. “ನೋಡು, ನನ್ನ ಏಡಿಕಾಯಿ ಗದ್ದೆಗೆ ಹೊಂಟೈತೆ, ನಿಂದು ಎಲ್ಲಿಗೆ?” ಎನ್ನುತ್ತಿದ್ದರು. ನಾನು ಕಣ್ಣೀರಿನಲ್ಲೇ ನಗುತ್ತಿದ್ದೆ. ಇದನ್ನೆಲ್ಲ ಮರೆತಿದ್ದರೆ ಅವರನ್ನು ದ್ವೇಷಿಸುವುದು ಸುಲಭವಾಗುತ್ತಿತ್ತು. ಮರೆಯುವುದಕ್ಕೆ ಆಗದ್ದೇ ನನ್ನ ಕಷ್ಟ.

ಮಳೆಗಾಲಕ್ಕೆ ಮುಂಚೆ ದೊರೆ ನನ್ನನ್ನು ಬಿಡಿಸಿದ. ಬೋರ್ಡಿಗೆ ಕೈ ಎಟುಕದವಳು ಶಾಲೆ ನಡೆಸುವುದು ಹೇಗೆ ಎಂದನಂತೆ. ಎಡಗೈಯಲ್ಲಿ ಬರೆದು ತೋರಿಸುತ್ತೇನೆಂದರೂ ಕೇಳಲಿಲ್ಲ. ವಿರಾಜಪೇಟೆಯ ವಕೀಲರೊಬ್ಬರು ನನ್ನ ಪರವಾಗಿ ನೋಟಿಸು ಕಳಿಸಿದರು. ದೀಪ ಆರಿದ್ದ ಸಂಗತಿ, ಒರೆಸಿದ ಸೂಜಿ, ಎಲ್ಲ ಅದರಲ್ಲಿತ್ತು. ನಾವು ಕೇಳಿದ್ದು ಎರಡು. ಕೈಗೆ ಪರಿಹಾರ, ಮತ್ತೆ ನನ್ನ ಶಾಲೆ. ವಕೀಲರಿಗೆ ಮೊದಲನೆಯದು ಮುಖ್ಯ, ನನಗೆ ಎರಡನೆಯದು.

ಕೋರ್ಟಿಗೆ ಹೋಗುವ ಮೊದಲೇ ದೊರೆ ರಾಜಿಗೆ ಬಂದ. ಸುದ್ದಿ ತಂದವರು ರೈಟರು. “ವಕೀಲ್ರು ಬ್ಯಾಡ, ಕೇಸು ಎಳೀತಾ ಹೋದ್ರೆ ನಿಂಗೇ ಮುಪ್ಪು ಬರ್ತದೆ. ನಾನಿದೀನಲ್ಲ, ಆಫೀಸಲ್ಲೇ ಮುಗಿಸೋಣ,” ಎಂದರು. ಅಜ್ಜಿ, “ಅವ್ನು ಹೇಳ್ದಂಗೆ ಕೇಳು,” ಎಂದಳು. ನನಗೂ ಬೇರೆ ಯೋಚನೆ ಬರಲಿಲ್ಲ.

ಆಫೀಸಿನಲ್ಲಿ ದೊರೆ ಕಿಟಕಿಯ ಕಡೆ ಮುಖ ಮಾಡಿ ಪೈಪು ಸೇದುತ್ತ ಕೂತಿದ್ದ. ಕಾಗದ ಇಂಗ್ಲಿಷಿನಲ್ಲಿತ್ತು, ಎರಡು ಹಾಳೆ. ನನಗೆ ಇಂಗ್ಲಿಷ್ ಅಕ್ಷರ ಗೊತ್ತಿತ್ತು, ಕೋರ್ಟಿನ ಇಂಗ್ಲಿಷ್ ಗೊತ್ತಿರಲಿಲ್ಲ. ರೈಟರು ಪಕ್ಕದಲ್ಲಿ ನಿಂತು, ಸಾಲಿನ ಕೆಳಗೆ ಬೆರಳು ಓಡಿಸುತ್ತ, ಕನ್ನಡದಲ್ಲಿ ಹೇಳುತ್ತ ಹೋದರು. ಆಸ್ಪತ್ರೆಯ ಖರ್ಚು, ಇಷ್ಟು ಪರಿಹಾರ, ಇನ್ನು ಮುಂದೆ ಎರಡು ಕಡೆಯವರಿಗೂ ಜಗಳವಿಲ್ಲ. ಎರಡನೆಯ ಹಾಳೆಯ ನಡುವೆ ಬೆರಳು ನಿಂತಿತು. ಆಮೇಲೆ ಮೂರು ಸಾಲು ಕೆಳಗೆ ಹೋಗಿ ಕೂತಿತು. ರೈಟರು ಇನ್ನೊಂದು ಕೈಯಲ್ಲಿ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡರು. ಅಲ್ಲಿ ಬೈಗುಳವಿರಬೇಕು, ನನಗೆ ನೋವಾಗದಿರಲೆಂದು ಕಲ್ಲು ಅವರೇ ಇಟ್ಟುಕೊಂಡರು ಎಂದು ನಾನು ತಿಳಿದೆ. ನನ್ನ ದಡ್ಡತನವನ್ನು ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ.

“ಶಾಲೆ ವಿಷಯ?” ಎಂದೆ.

“ಅದೆಲ್ಲ ಕಾಗದದಲ್ಲಿ ಬರೋದಲ್ಲ ಕಣಮ್ಮ. ಮಳೆ ಕಳೀಲಿ, ನೋಡೋಣ.”

ಎಡಗೈಯಲ್ಲಿ ಸಹಿ ಹಾಕಿದೆ. ಆ ಕೈಯಿಂದ ನಾನು ಹಾಕಿದ ಮೊದಲನೆಯ ಸಹಿ. “ಏಡಿಕಾಯಿ ನೆಟ್ಟಗೆ ನಡೀತು ನೋಡು,” ಎಂದರು ರೈಟರು. ಅವರ ಕಣ್ಣಲ್ಲಿ ನೀರಿತ್ತು. ಅದು ಯಾವ ನೀರೆಂದು ನಾನು ಎಷ್ಟೋ ವರ್ಷ ಯೋಚಿಸಿದ್ದೇನೆ.

ಮಳೆ ಕಳೆಯಿತು. ನನ್ನ ಶೆಡ್ಡಿಗೆ ಬೇರೆ ಟೀಚರು ಬಂದರು. ಕಾಗದದ ನಕಲು ಹಿಡಿದು ನಾನೂ ಅಜ್ಜಿಯೂ ವಿರಾಜಪೇಟೆಗೆ ಬಸ್ಸು ಹತ್ತಿದೆವು. ತಮ್ಮನ್ನು ಕೇಳದೆ ಸಹಿ ಹಾಕಿದೆವೆಂದು ವಕೀಲರಿಗೆ ಕೋಪವಿತ್ತು. ಕನ್ನಡಕ ಏರಿಸಿಕೊಂಡು ಓದಿದರು. “ಇನ್ನೇನು ಕೆಲಸ ಕೇಳ್ತೀರಮ್ಮ? ನೀವೇ ಬರೆದುಕೊಟ್ಟಿದೀರಲ್ಲ,” ಎಂದು ಆ ಮೂರು ಸಾಲನ್ನು ಕನ್ನಡದಲ್ಲಿ ಹೇಳಿದರು. “‘ನನ್ನ ಕೈ ಕೆಟ್ಟದ್ದು ತೋಟದವರು ಹಾಕಿದ ದಾಕಿನಿಂದಲ್ಲ. ಮನೆಯಲ್ಲಿ ನನ್ನ ಅಜ್ಜಿ ಗಾಯಕ್ಕೆ ಬೂದಿ ಹಚ್ಚಿದ್ದರಿಂದ ಎಂದು ಒಪ್ಪುತ್ತೇನೆ. ಕೆಲಸದ ಮೇಲೆ ನನಗೆ ಹಕ್ಕಿಲ್ಲ.’ ಹೀಗಂತ ಬರೆದಿದೆ.”

ಅಜ್ಜಿ ನನ್ನ ಪಕ್ಕದ ಬೆಂಚಿನಲ್ಲೇ ಕೂತಿದ್ದಳು.

ವಾಪಸು ಬರುವಾಗ ಅವಳು ಬಸ್ಸಿನಲ್ಲಿ ತನ್ನ ಬಲಗೈಯನ್ನು ಸೆರಗಿನೊಳಗೆ ಸುತ್ತಿಕೊಂಡು ಕೂತಳು. ಮರುದಿನ ಬೆಳಗ್ಗೆ ಸ್ನಾನ ಮಾಡಿ ನಾನು ಎಂದಿನಂತೆ ಅವಳೆದುರು ಹಣೆ ಒಡ್ಡಿ ನಿಂತೆ. ಅವಳು ವಿಭೂತಿಯ ಗಟ್ಟಿಯನ್ನು ನನ್ನ ಕಡೆ ತಳ್ಳಿ, “ನೀನೇ ಹಚ್ಕೊ ಮಗಾ, ನನ್ನ ಕೈ ಒಳ್ಳೇದಲ್ಲ,” ಎಂದಳು. ಆಮೇಲೆ ಆರು ವರ್ಷ ಬದುಕಿದ್ದಳು. ನನಗೆ ಮಾತ್ರವಲ್ಲ, ಯಾರ ಮಕ್ಕಳ ಹಣೆಯನ್ನೂ ಮುಟ್ಟಲಿಲ್ಲ. ಕೂಸಿಗೆ ದೃಷ್ಟಿಯಾಗಿದೆ, ಸ್ವಲ್ಪ ಹಚ್ಚಿಕೊಡಿ ಎಂದು ನೆರೆಯವರು ಬಂದರೆ ಹಿತ್ತಿಲಿಗೆ ಹೋಗಿಬಿಡುತ್ತಿದ್ದಳು.

ಅವಳು ವಿಭೂತಿಯ ಗಟ್ಟಿ ತಳ್ಳಿದ ಆ ದಿನವೇ ನಾನು ಆಫೀಸಿಗೆ ಹೋಗಿ ಕೂಗಾಡಿದೆ. ಆಳುಗಳೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು. ರೈಟರು ಎದ್ದು ಬಾಗಿಲು ಹಾಕಿದರು.

“ಓದಿದ್ರೆ ನೀನು ಸಹಿ ಹಾಕ್ತಿರಲಿಲ್ಲ,” ಎಂದರು. “ಆ ಸಾಲಿಲ್ದೆ ದೊರೆ ಒಂದು ಕಾಸೂ ಬಿಚ್ತಿರಲಿಲ್ಲ. ನಾಳೆ ಅವನು ತೋಟ ಮಾರಿ ಹಡಗು ಹತ್ತಿದ್ರೆ ಯಾರನ್ನ ಕೇಳ್ತಿದ್ದೆ? ನಿನ್ನ ಒಳ್ಳೇದಕ್ಕೇ ಕಣಮ್ಮ. ಕಲ್ಲು ನಾನಿಟ್ಕೊಂಡೆ.”

“ಬೂದಿ ಸುದ್ದಿ ದೊರೆಗೆ ಹೇಳಿದ್ಯಾರು?”

ಅವರು ಟೋಪಿ ಎಳೆದುಕೊಳ್ಳಲು ಹಣೆಯ ಮೇಲೆ ಕೈಯಾಡಿಸಿದರು, ಟೋಪಿ ಮೊಳೆಗೆ ನೇತಾಡುತ್ತಿತ್ತು.

“ಕಲ್ಲು ನೀವಿಟ್ಕೊಳ್ಳಲಿಲ್ಲ ರೈಟ್ರೇ,” ಎಂದೆ, ಅಣ್ಣ ಎನ್ನದೆ. “ನಮ್ಮಜ್ಜಿ ತಲೆ ಮೇಲೆ ಹಾಕಿದ್ರಿ.”

ಮುಂದಿನ ವರ್ಷ ಅವರು ಹೆಡ್ ರೈಟರಾದರು. ಇದಕ್ಕೇ ಆದರು ಎಂದು ಆಡಿಕೊಂಡವರಿದ್ದರು. ನನಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಬರೆಯುವುದು ನನ್ನ ಅಭ್ಯಾಸವಲ್ಲ. ಅಂಥದ್ದನ್ನು ಒಮ್ಮೆ ಬರೆದುಕೊಟ್ಟೇ ನಾನು ಕೆಟ್ಟದ್ದು. ನನ್ನ ಕೈ ಯಾತರಿಂದ ಹೋಯಿತೆಂದು ಇವತ್ತಿಗೂ ನನಗೆ ತಿಳಿಯದು. ಸೂಜಿಯಿರಬಹುದು, ಬೂದಿಯಿರಬಹುದು, ಎರಡೂ ಇರಬಹುದು. ತಿಳಿಯದು ಎಂದು ಬರೆದಿದ್ದರೆ ನಾನು ಸಂತೋಷದಿಂದ ಸಹಿ ಹಾಕುತ್ತಿದ್ದೆ.

ಕೊಡಗು ಮೈಸೂರಿಗೆ ಸೇರಿದ ಮೇಲೆ ಬಾಳೆಲೆಯ ಹತ್ತಿರದ ಹಳ್ಳಿಯಲ್ಲಿ ನನಗೆ ಶಾಲೆ ಸಿಕ್ಕಿತು. ಎಡಗೈಯಲ್ಲೇ ಮೂವತ್ತು ವರ್ಷ ಬೋರ್ಡು ತುಂಬಿಸಿದೆ. ಅಕ್ಷರ ಮುತ್ತಿನಂತಿದೆ ಎಂದು ಇನ್‌ಸ್ಪೆಕ್ಟರು ಹೊಗಳಿದಾಗೆಲ್ಲ ಒಳಗೇನೋ ಚುಚ್ಚುತ್ತಿತ್ತು. ಕಲಿಸಿದವರ ಹೆಸರು ಹೇಳುತ್ತಿರಲಿಲ್ಲ. ನಿವೃತ್ತರಾಗಿ ಕೊಡ್ಲಿಪೇಟೆ ಸೇರಿದ ಮೇಲೆ ಅವರು ಒಂದೆರಡು ಕಾಗದ ಹಾಕಿದ್ದರು. ಆರೋಗ್ಯ, ಮಳೆ, ಕಾಫಿ ಹೂವು, ಎಲ್ಲ ಇರುತ್ತಿತ್ತು. ಬೇಕಾದ ಸಾಲು ಮಾತ್ರ ಇರುತ್ತಿರಲಿಲ್ಲ. ನಾನು ಉತ್ತರ ಬರೆಯಲಿಲ್ಲ.

ಆದರೂ ಆರಾಧನೆಗೆ ಹೋದೆ. ಮೂರು ಬಸ್ಸು ಬದಲಿಸಿ, ಯಾಕೆ ಹೋಗುತ್ತಿದ್ದೇನೆಂದು ನನ್ನನ್ನೇ ಬೈದುಕೊಳ್ಳುತ್ತ ಹೋದೆ. ಮನೆ ತುಂಬ ಜನ. ಮಗಳು ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡಳು. ಮುಖ ಅಪ್ಪನದೇ.

“ಬಂದ್ರಲ್ಲ ಟೀಚರ್. ಅಪ್ಪ ಕೊನೇ ವಾರ ಪೂರ್ತಿ ನಿಮ್ಮ ಮಾತೇ ಆಡ್ತಿದ್ರು.”

“ಏನಂದ್ರು?”

ಅವಳು ತಡವರಿಸಿ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು. “ಒಳ್ಳೇದೇ ಹೇಳಿದ್ರು, ಬಿಡಿ. ಈಗ್ಯಾಕೆ ಅದೆಲ್ಲ.”

“ಒಳ್ಳೇದಲ್ಲದ್ದೇನಾದ್ರೂ ಹೇಳಿದ್ರಾ? ಅದನ್ನ ಹೇಳಮ್ಮ. ಅದಕ್ಕೇ ಇಷ್ಟು ದೂರ ಬಂದಿದೀನಿ.”

“ಇಲ್ಲ ಟೀಚರ್. ಅಷ್ಟೇ.”

ತಪ್ಪಾಯಿತು ಎಂದಿದ್ದರೋ, ಮತ್ತೊಮ್ಮೆ ನಿನ್ನ ಒಳ್ಳೆಯದಕ್ಕೇ ಎಂದಿದ್ದರೋ, ಅದು ನನ್ನ ತನಕ ಬರಲಿಲ್ಲ. ಮಗಳು ತನ್ನ ಜರಡಿಯಲ್ಲಿ ತಡೆದಿಟ್ಟುಕೊಂಡಳು. ಅವಳ ತಪ್ಪಿಲ್ಲ, ಮನೆಯಲ್ಲಿ ಕಲಿತದ್ದು. ಪಕ್ಕದ ತಟ್ಟೆಯಿಂದ ವಿಭೂತಿ ತೆಗೆದುಕೊಂಡು, ಬಂದವರಿಗೆಲ್ಲ ಹಚ್ಚಿದಂತೆ ನನಗೂ ಹಚ್ಚಲು ಮೂರು ಬೆರಳು ಮುಂದೆ ತಂದಳು. ನಾನು ಹಿಂದಕ್ಕೆ ಸರಿದೆ.

“ಬೇಡಮ್ಮ,” ಎಂದೆ. ಸುತ್ತಲಿನವರು ತಿರುಗಿ ನೋಡಿದರು. ಕ್ಲಾಸಿನಲ್ಲಿ ಪಾಠ ಓದುವ ದನಿಯಲ್ಲಿ, ಆ ಮೂರು ಸಾಲನ್ನು ಒಂದಕ್ಷರ ಬಿಡದೆ ಹೇಳಿದೆ. ದಾಕಿನಿಂದಲ್ಲ, ಅಜ್ಜಿ ಹಚ್ಚಿದ ಬೂದಿಯಿಂದ, ಕೆಲಸದ ಮೇಲೆ ಹಕ್ಕಿಲ್ಲ. “ಇದು ನಿಮ್ಮಪ್ಪ ನನಗೆ ಓದಿ ಹೇಳ್ಬೇಕಾಗಿದ್ದದ್ದು. ಹೇಳ್ಲಿಲ್ಲ. ಅವತ್ತಿಂದ ನಮ್ಮಜ್ಜಿ ನನ್ನ ಹಣೆ ಮುಟ್ಲಿಲ್ಲ. ಇನ್ನೊಬ್ಬರ ಕೈಯಲ್ಲಿ ನಾನೂ ಹಚ್ಚಿಸ್ಕೊಂಡಿಲ್ಲ.”

ಅವಳ ಬೆರಳುಗಳು ನನ್ನ ಹಣೆಯ ಎದುರಿಗೇ ನಿಂತಿದ್ದವು. ಒಳ್ಳೆಯ ಹುಡುಗಿ, ಕೈ ಹಿಂದಕ್ಕೆ ತೆಗೆದುಕೊಳ್ಳುವುದೂ ತೋಚಲಿಲ್ಲ ಅವಳಿಗೆ. ಒಳಗೆ ಊಟಕ್ಕೆ ಎಲೆ ಹಾಕುತ್ತಿದ್ದರು. ನಾನು ಕೂರದೆ ಮೆಟ್ಟಿಲಿಳಿದು ಬಸ್‌ಸ್ಟ್ಯಾಂಡಿನ ದಾರಿ ಹಿಡಿದೆ.